ಆಕ್ಸೈಡ್ ಮೇಲೆ ಬಿದ್ದ ನೀರು ಮುಟ್ಟಿದ್ದು ಯಾವುದನ್ನು?

2013ರಲ್ಲಿ ಅಮೆರಿಕದ ಎಮ್‌ಐಟಿ ವಿಶ್ವವಿದ್ಯಾಲಯದ ಒಂದು ತಂಡ ಒಂದು ಅಚ್ಚರಿಯ ಫಲಿತಾಂಶ ಪ್ರಕಟಿಸಿತು. ಸೀರಿಯಂ ಆಕ್ಸೈಡ್ ಮತ್ತು ಅದರ ಬಳಗದ ವಿರಳ ಲೋಹಗಳ ಆಕ್ಸೈಡುಗಳ ಮೇಲೆ ನೀರು ಹಾಕಿದರೆ ಹರಡುವುದಿಲ್ಲ, ಗುಂಡಗೆ ಹನಿಯಾಗಿ ನಿಲ್ಲುತ್ತದೆ ಎಂದು. ತಾವರೆ ಎಲೆಯ ಮೇಲಿನಷ್ಟು ಗುಂಡಗೆ ಅಲ್ಲ, ಆದರೂ ಹನಿಯ ಅಂಚು ಮೇಲ್ಮೈ ಜೊತೆ ಮಾಡುವ ಕೋನ 100 ಡಿಗ್ರಿಗಿಂತ ಜಾಸ್ತಿ ಇತ್ತು. ಈ ಕೋನ 90 ದಾಟಿದರೆ ಅದು ನೀರನ್ನು ದೂರ ಇಡುವ ಮೇಲ್ಮೈ ಅಂತ ಲೆಕ್ಕ.

ಇದರಲ್ಲಿ ಅಚ್ಚರಿ ಏನಿದೆ? ನೀರು ಅಂಟದ ಲೇಪನ ಬೇಕು ಅಂದಾಗ ನಮಗೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ಪ್ಲಾಸ್ಟಿಕ್ ಜಾತಿಯವು, ಅದರಲ್ಲೂ ಫ್ಲೋರಿನ್ ಸೇರಿದವು. ಉಜ್ಜಿದರೆ ಸವೆಯುತ್ತವೆ, ತೀರಾ ಬಿಸಿಯಾದರೆ ಹಾಳಾಗುತ್ತವೆ. ಮೇಲಾಗಿ ಈಗ ಫ್ಲೋರಿನ್ ಸೇರಿದ ಇಂಥ ರಾಸಾಯನಿಕಗಳ, ಅಂದರೆ ಪಿಎಫ್‌ಎಎಸ್ ಎಂಬ ಇಡೀ ಕುಟುಂಬದ ಮೇಲೆ ಕಣ್ಣು ಬಿದ್ದಿದೆ. 2023ರ ಜನವರಿಯಲ್ಲಿ ಜರ್ಮನಿ, ನೆದರ್ಲೆಂಡ್ಸ್, ನಾರ್ವೆ, ಸ್ವೀಡನ್, ಡೆನ್ಮಾರ್ಕ್ ಸೇರಿ ಯುರೋಪಿನಲ್ಲಿ ಅವುಗಳ ಬಳಕೆಗೆ ಕಡಿವಾಣ ಹಾಕುವ ಪ್ರಸ್ತಾಪ ಇಟ್ಟವು. ಹೀಗಿರುವಾಗ ಕಲ್ಲಿನಷ್ಟು ಗಟ್ಟಿಯಾದ, ಬಿಸಿಗೆ ಜಗ್ಗದ ಒಂದು ಆಕ್ಸೈಡು ತಾನಾಗೇ ನೀರನ್ನು ದೂರ ಇಡುತ್ತದೆ ಅಂದರೆ ಯಾರಿಗೆ ಬೇಡ? ಕಾರಣವನ್ನೂ ಅವರೇ ಕೊಟ್ಟಿದ್ದರು. ಈ ಲೋಹಗಳಲ್ಲಿ ನೀರಿನ ಜೊತೆ ಕೈ ಕುಲುಕಬಹುದಾಗಿದ್ದ ಎಲೆಕ್ಟ್ರಾನುಗಳು ಒಳಗೆ ಅಡಗಿ ಕೂತಿವೆ, ಹೊರಗಿನ ತುಂಬಿದ ಚಿಪ್ಪು ಅವಕ್ಕೆ ಮರೆ, ಹಾಗಾಗಿ ನೀರಿಗೆ ಹಿಡಿತ ಸಿಗುವುದಿಲ್ಲ ಎಂದು.

ಒಂದೇ ವರ್ಷ. 2014ರಲ್ಲಿ ಅದೇ ಎಮ್‌ಐಟಿಯಲ್ಲಿದ್ದ ಎವೆಲಿನ್ ವಾಂಗ್ ಅವರ ತಂಡ ಇನ್ನೊಂದು ಮಾತು ಹೇಳಿತು. ಸೀರಿಯಂ ಆಕ್ಸೈಡನ್ನು ನಿಜವಾಗಿ ಶುಚಿ ಮಾಡಿ ತಕ್ಷಣ ನೀರು ಹಾಕಿ ನೋಡಿ, ನೀರು ಚೆನ್ನಾಗಿಯೇ ಹರಡುತ್ತದೆ. ಅದನ್ನೇ ಗಾಳಿಯಲ್ಲಿ ಬಿಟ್ಟರೆ ಹೊತ್ತು ಕಳೆದ ಹಾಗೆ ಕೋನ ಏರುತ್ತದೆ. ಅಂದರೆ ನೀರನ್ನು ತಳ್ಳುತ್ತಿದ್ದುದು ಆಕ್ಸೈಡ್ ಅಲ್ಲ, ಗಾಳಿಯಿಂದ ಬಂದು ಅದರ ಮೇಲೆ ಕೂತ ಜಿಡ್ಡು. ಕಣ್ಣಿಗೆ ಕಾಣದ, ಒಂದೇ ಅಣುವಿನಷ್ಟು ದಪ್ಪದ ಜಿಡ್ಡು.

ಈ ಕಥೆಯನ್ನು ಮೊದಲೇ ಹೇಳಿದ್ದು ಸುಮ್ನೆ ಅಲ್ಲ. ಆಕ್ಸೈಡ್ ಮತ್ತು ನೀರಿನ ಸಂಬಂಧದ ಬಗ್ಗೆ ಕಳೆದ ಹಲವು ದಶಕಗಳಲ್ಲಿ ನಡೆದ ಜಗಳಗಳಲ್ಲಿ ಅರ್ಧಕ್ಕರ್ಧ ಹೀಗೇ ಇವೆ ಅನ್ನುವುದು ನನ್ನ ಎಣಿಕೆ. ಆಕ್ಸೈಡಿನ ಗುಣ ಅಂತ ನಾವು ಅಳೆದದ್ದು ಬಹಳ ಸಲ ಅದರ ಮೇಲೆ ಮೊದಲು ಬಂದು ಕೂತವರ ಗುಣ.

ಮೊದಲು ಬಂದು ಕೂರುವವರಲ್ಲಿ ಒಂದನೆಯದು ನೀರೇ. ಒಂದು ಆಕ್ಸೈಡಿನ ಹರಳನ್ನು ಮುರಿಯಿರಿ. ಒಳಗೆ ಪ್ರತಿ ಲೋಹದ ಪರಮಾಣುವಿಗೂ ಸುತ್ತ ಇಂತಿಷ್ಟು ಆಕ್ಸಿಜನ್ ಇರಬೇಕು ಎಂಬ ಲೆಕ್ಕ ಇರುತ್ತದೆ. ಮುರಿದ ಜಾಗದಲ್ಲಿ ಆ ಲೆಕ್ಕ ತಪ್ಪುತ್ತದೆ. ಅಲ್ಲಿ ಲೋಹಕ್ಕೆ ಜೊತೆ ಸಾಲದು, ಆಕ್ಸಿಜನ್ನಿಗೂ ಸಾಲದು. ಆ ಕೊರತೆ ತುಂಬಲು ಗಾಳಿಯಲ್ಲಿ ಓಡಾಡುವ ನೀರಿನ ಆವಿಗಿಂತ ಹೇಳಿ ಮಾಡಿಸಿದ್ದು ಇಲ್ಲ. ನೀರಿನ ಅಣು ತನ್ನ ಆಕ್ಸಿಜನ್ನನ್ನು ಲೋಹಕ್ಕೆ ಒರಗಿಸುತ್ತದೆ, ಹೈಡ್ರೋಜನ್ನನ್ನು ಪಕ್ಕದ ಆಕ್ಸಿಜನ್ನಿನ ಕಡೆ ಚಾಚುತ್ತದೆ. ಕೆಲವು ಸಲ ಅಷ್ಟಕ್ಕೇ ನಿಲ್ಲುತ್ತದೆ. ಇನ್ನು ಕೆಲವು ಸಲ ಅಣುವೇ ಒಡೆದು ಎರಡಾಗುತ್ತದೆ, ಒಂದು ಹೈಡ್ರೋಜನ್ ಅತ್ತ, ಉಳಿದ ಓಎಚ್ ಇತ್ತ. ಈ ಓಎಚ್ ಗುಂಪುಗಳಿಗೆ ಹೈಡ್ರಾಕ್ಸಿಲ್ ಅಂತ ಹೆಸರು. ಆಕ್ಸೈಡಿನ ಮೇಲ್ಮೈ ಎಂದು ನಾವು ಕರೆಯುವುದು ಹೆಚ್ಚಿನ ಕಡೆ ಈ ಹೈಡ್ರಾಕ್ಸಿಲ್ಲುಗಳ ಪೈರನ್ನೇ.

ಗಾಜು, ಮರಳು, ಸಿಲಿಕಾ ಜೆಲ್ ಎಲ್ಲವೂ ಮುಖ್ಯವಾಗಿ ಸಿಲಿಕಾನ್ ಆಕ್ಸೈಡ್. ಪೂರ್ತಿ ನೀರುಂಡ ಸಿಲಿಕಾದ ಒಂದು ಚದರ ನ್ಯಾನೋಮೀಟರಿನಲ್ಲಿ ಸುಮಾರು 5 ಹೈಡ್ರಾಕ್ಸಿಲ್ ಇರುತ್ತವೆ. ಅವುಗಳ ಮೇಲೆ ಮತ್ತೆ ನೀರಿನ ಪದರಗಳು. ಸಾಧಾರಣ ತೇವದ ದಿನ ಒಣಗಿದೆ ಅಂತ ನೀವು ಮುಟ್ಟುವ ಶುಚಿಯಾದ ಗಾಜಿನ ಮೇಲೂ ಎರಡು ಮೂರು ಅಣುಗಳಷ್ಟು ದಪ್ಪದ ನೀರು ಇದ್ದೇ ಇರುತ್ತದೆ. ಹೊಸ ವಸ್ತುಗಳ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಕೆಲಸ ಮಾಡುವುದೂ ಹೀಗೇ. ಅದರಲ್ಲಿ ಮಾಯ ಏನೂ ಇಲ್ಲ, ಒಂದು ಗ್ರಾಮಿನಲ್ಲಿ 700 ಚದರ ಮೀಟರಿನಷ್ಟು ಮೇಲ್ಮೈ ಮಡಚಿ ಇಟ್ಟಿದ್ದಾರೆ ಅಷ್ಟೇ.

ಅದೇ ಸಿಲಿಕಾವನ್ನು ನೂರಾರು ಡಿಗ್ರಿಗೆ ಕಾಯಿಸಿದರೆ ಅಕ್ಕಪಕ್ಕದ ಎರಡು ಹೈಡ್ರಾಕ್ಸಿಲ್ ಸೇರಿ ನೀರಾಗಿ ಹಾರಿಹೋಗುತ್ತವೆ, ಸಿಲಿಕಾನ್ ಮತ್ತು ಸಿಲಿಕಾನ್ ನಡುವೆ ಆಕ್ಸಿಜನ್ನಿನ ಸೇತುವೆ ಉಳಿಯುತ್ತದೆ. ಜಾಸ್ತಿ ಕಾಯಿಸಿದ ಹಾಗೆ ಸೇತುವೆ ಜಾಸ್ತಿ. ಈಗ ಮೇಲ್ಮೈ ನೀರನ್ನು ಅಷ್ಟಾಗಿ ಇಷ್ಟಪಡುವುದಿಲ್ಲ, ಮತ್ತೆ ಹಳೇ ಸ್ಥಿತಿಗೆ ಬರಲೂ ಬಹಳ ಕಾಲ ಹಿಡಿಯುತ್ತದೆ. ವಸ್ತು ಅದೇ, ಹೆಸರು ಅದೇ, ನೀರಿನ ಜೊತೆ ನಡತೆ ಮಾತ್ರ ಬೇರೆ. ಹಾಗಾಗಿ ಸಿಲಿಕಾಗೆ ನೀರು ಅಂಟುತ್ತದಾ ಅಂತ ಕೇಳಿದರೆ, ಅದು ಎಲ್ಲಿಂದ ಬಂದದ್ದು, ಎಷ್ಟು ಬಿಸಿ ಕಂಡದ್ದು ಅಂತ ತಿರುಗಿ ಕೇಳಬೇಕಾಗುತ್ತದೆ.

ಸಿಲಿಕಾ ನಿಧಾನದ ಪ್ರಾಣಿ. ಇನ್ನೊಂದು ತುದಿಯಲ್ಲಿ ಸುಟ್ಟ ಸುಣ್ಣ ಇದೆ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್. ಇಲ್ಲಿ ನೀರು ಮೇಲ್ಮೈಯಲ್ಲಿ ನಿಲ್ಲುವುದೇ ಇಲ್ಲ, ಒಳಗೇ ನುಗ್ಗಿ ಇಡೀ ಕಲ್ಲನ್ನು ಹೈಡ್ರಾಕ್ಸೈಡ್ ಮಾಡಿಬಿಡುತ್ತದೆ. ಸುಣ್ಣ ಅರಳುವುದು ಅಂತೀವಲ್ಲ, ಅದು. ಒಂದು ಕೆಜಿ ಸುಣ್ಣ ಅರಳಿದಾಗ ಹೊರಡುವ ಶಾಖ ಒಂದಿಷ್ಟೂ ಪೋಲಾಗದೆ ಸಿಕ್ಕರೆ ಮೂರು ಲೀಟರಿಗೂ ಮೀರಿ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮೆಗ್ನೀಸಿಯಂ ಆಕ್ಸೈಡಿಗೂ ಇದೇ ಚಾಳಿ, ವೇಗ ಕಮ್ಮಿ. ಅದು ನೀರುಂಡರೆ ಎರಡು ಪಟ್ಟಿಗೂ ಜಾಸ್ತಿ ಉಬ್ಬುತ್ತದೆ, ಹಾಗಾಗಿ ಕುಲುಮೆಗೆ ಹಾಕುವ ಮೆಗ್ನೀಸಿಯಾ ಇಟ್ಟಿಗೆಗಳನ್ನು ತೇವದಲ್ಲಿ ಇಟ್ಟರೆ ತಾವಾಗಿ ಬಿರುಕು ಬಿಡುತ್ತವೆ.

ಈಗ ಟೈಟಾನಿಯಂ ಆಕ್ಸೈಡಿಗೆ ಬರೋಣ. ಬಿಳಿ ಬಣ್ಣದ ಡಬ್ಬಿಯಲ್ಲಿರುವ ಅದೇ ಪುಡಿ. ಆಕ್ಸೈಡ್ ಮೇಲ್ಮೈಗಳನ್ನು ಓದುವವರಿಗೆ ಇದು ಪ್ರಯೋಗಾಲಯದ ಇಲಿಯಿದ್ದ ಹಾಗೆ, ಎಲ್ಲರೂ ಮೊದಲು ಇದರ ಮೇಲೇ ಕೈ ಆಡಿಸುತ್ತಾರೆ. 1972ರಲ್ಲಿ ಫುಜಿಶಿಮಾ ಮತ್ತು ಹೊಂಡಾ ಎಂಬ ಇಬ್ಬರು ಜಪಾನೀ ವಿಜ್ಞಾನಿಗಳು ಇದರ ಮೇಲೆ ನೇರಳಾತೀತ ಬೆಳಕು ಬಿಟ್ಟು ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯಬಹುದು ಎಂದು ತೋರಿಸಿದ ಮೇಲೆ ಇದರ ಹಿಂದೆ ಬಿದ್ದವರಿಗೆ ಲೆಕ್ಕವಿಲ್ಲ. ಆದರೂ ಬೆಳಕೇ ಇಲ್ಲದೆ, ಒಂದೇ ಒಂದು ನೀರಿನ ಅಣು ಇದರ ಅತಿ ಸರಳ ಮುಖದ ಮೇಲೆ ಬಿದ್ದರೆ ಅದು ಇಡಿಯಾಗಿ ಉಳಿಯುತ್ತದಾ, ಒಡೆಯುತ್ತದಾ ಅನ್ನುವುದೇ ದಶಕಗಳ ಕಾಲ ಇತ್ಯರ್ಥ ಆಗಲಿಲ್ಲ. ಆಕ್ಸಿಜನ್ ಕಳಚಿಹೋದ ಗುಂಡಿಯಿದ್ದರೆ ಅಲ್ಲಿ ಒಡೆಯುತ್ತದೆ, ಅದರಲ್ಲಿ ಯಾರಿಗೂ ತಕರಾರಿಲ್ಲ. ಗುಂಡಿ ಇಲ್ಲದ ಸಮತಟ್ಟು ಜಾಗದಲ್ಲಿ? ಕಂಪ್ಯೂಟರ್ ಲೆಕ್ಕ ಮಾಡುವವರಲ್ಲೇ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಿದ್ದರು. 2017ರಲ್ಲಿ ಬಂದ ಒಂದು ಅಳತೆಯ ಪ್ರಕಾರ ಇಡಿಯಾಗಿ ಉಳಿಯುವುದೇ ಮೇಲು, ಆದರೆ ವ್ಯತ್ಯಾಸ ಬರೀ 0.035 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಬಿಸಿಗೆ ಅಣುಗಳು ಸುಮ್ಮನೆ ಅಲುಗಾಡುವ ಶಕ್ತಿಯೇ 0.025 ಇದೆ. ಅಂದರೆ ತಕ್ಕಡಿ ಹೆಚ್ಚುಕಡಿಮೆ ಸಮ. ಇಷ್ಟು ಸಣ್ಣ ಅಂತರದಲ್ಲಿ ಲೆಕ್ಕಗಳು ಆ ಕಡೆ ಈ ಕಡೆ ವಾಲಿದ್ದರಲ್ಲಿ ತಪ್ಪೇನಿಲ್ಲ, ಅಲ್ವಾ?

ಇದೇ ಆಕ್ಸೈಡಿನ ಇನ್ನೊಂದು ಮುಖ ಮಾರುಕಟ್ಟೆಗೂ ಬಂತು. 1997ರಲ್ಲಿ ಜಪಾನಿನ ತಂಡವೊಂದು ತೋರಿಸಿದ್ದು ಇದು: ಟೈಟಾನಿಯಂ ಆಕ್ಸೈಡ್ ಲೇಪಿಸಿದ ಗಾಜಿನ ಮೇಲೆ ಮೊದಲು ನೀರಿನ ಕೋನ 72 ಡಿಗ್ರಿ, ನೇರಳಾತೀತ ಬೆಳಕು ಬಿಟ್ಟ ಮೇಲೆ ಸೊನ್ನೆ. ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡುತ್ತದೆ, ಮಂಜು ಹಿಡಿಯುವುದಿಲ್ಲ, ಮಳೆ ಬಿದ್ದರೆ ಕೊಳೆ ಜಾರಿಹೋಗುತ್ತದೆ. ತನ್ನನ್ನು ತಾನೇ ತೊಳೆದುಕೊಳ್ಳುವ ಗಾಜು ಅಂತ ಮಾರುವುದು ಇದನ್ನೇ. ಇದಕ್ಕೆ ಅವರು ಕೊಟ್ಟ ವಿವರಣೆ, ಬೆಳಕು ಮೇಲ್ಮೈಯ ಆಕ್ಸಿಜನ್ ಕಿತ್ತು ಗುಂಡಿ ಮಾಡುತ್ತದೆ, ಆ ಗುಂಡಿಗಳಲ್ಲಿ ನೀರು ಒಡೆದು ಕೂತು ಮುಂದಿನ ನೀರನ್ನು ಕರೆಯುತ್ತದೆ ಎಂದು. ಚಂದದ ವಿವರಣೆ. ಆದರೆ 2005ರಲ್ಲಿ ಪಿಟ್ಸ್‌ಬರ್ಗಿನ ಜಾನ್ ಯೇಟ್ಸ್ ತಂಡ ಗಾಳಿಯಲ್ಲಿ ಎಷ್ಟು ಜಿಡ್ಡು ಇದೆ ಎಂಬುದನ್ನು ತಾವೇ ಹಿಡಿತದಲ್ಲಿ ಇಟ್ಟುಕೊಂಡು ಪ್ರಯೋಗ ಮಾಡಿದಾಗ ಬೇರೆಯೇ ಕಂಡಿತು. ಬೆಳಕು ಬಿಟ್ಟ ಕೂಡಲೇ ಏನೂ ಆಗಲಿಲ್ಲ. ಸ್ವಲ್ಪ ಹೊತ್ತು ಹನಿ ಹಾಗೇ ಕೂತಿತ್ತು, ಆಮೇಲೆ ಒಮ್ಮೆಲೇ ಹರಡಿತು. ಬೆಳಕು ಅಷ್ಟು ಹೊತ್ತು ಮಾಡಿದ್ದು ಮೇಲಿದ್ದ ಜಿಡ್ಡನ್ನು ಸುಡುವ ಕೆಲಸ. ಜಿಡ್ಡು ಒಂದು ಮಟ್ಟಕ್ಕಿಂತ ಕೆಳಗೆ ಇಳಿದಾಗ ನೀರಿಗೆ ಕೊನೆಗೂ ಆಕ್ಸೈಡ್ ಸಿಕ್ಕಿತು.

ಗಾಜು ಕೊಳ್ಳುವವರಿಗೆ ಈ ಎರಡು ವಿವರಣೆಗಳಲ್ಲಿ ಯಾವುದಾದರೇನು ಅನ್ನಿಸಬಹುದು. ವ್ಯತ್ಯಾಸ ಇದೆ. ಜಿಡ್ಡು ಸುಡುವುದೇ ಮುಖ್ಯ ಅಂದರೆ ಬೆಳಕು ಜಿಡ್ಡು ಕೂರುವುದಕ್ಕಿಂತ ಬೇಗ ಸುಡಬೇಕು. ಹೊಗೆ, ಎಣ್ಣೆ ಜಾಸ್ತಿ ಇರುವ ಕಡೆ, ಬಿಸಿಲು ಬೀಳದ ಗೋಡೆಯಲ್ಲಿ, ಮನೆಯೊಳಗೆ ಆ ಪೈಪೋಟಿಯಲ್ಲಿ ಗಾಜು ಸೋಲುತ್ತದೆ. ಒಳಗಿನ ದೀಪಗಳಲ್ಲಿ ಬೇಕಾದ ನೇರಳಾತೀತ ಬೆಳಕು ಇಲ್ಲವೇ ಇಲ್ಲ ಅನ್ನಬಹುದು. ಒಳಾಂಗಣಕ್ಕೆ ಇದೇ ಲೇಪನ ಮಾರುವವರು ಬಂದರೆ ಮೊದಲು ಕೇಳಬೇಕಾದ್ದು ದೀಪದ ಬಗ್ಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ 2018ರದ್ದು. ವಿಯೆನ್ನಾದ ಉಲ್ರಿಕೆ ಡೀಬೋಲ್ಡ್ ತಂಡದ್ದು. ಟೈಟಾನಿಯಂ ಆಕ್ಸೈಡನ್ನು ನೀರಲ್ಲಿ ಅದ್ದಿ ತೆಗೆದು ಪರಮಾಣು ಕಾಣುವ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲೆ ಸಾಲುಸಾಲಾಗಿ ಶಿಸ್ತಿನಿಂದ ಕೂತ ಅಣುಗಳು ಕಾಣುತ್ತಿದ್ದವು. ಹಿಂದೆ ನೋಡಿದವರು ಇದು ನೀರಿನದ್ದೇ ವಿನ್ಯಾಸ ಎಂದುಕೊಂಡಿದ್ದರು. ಈ ತಂಡ ಗಾಳಿಯ ಸೋಂಕೇ ಇಲ್ಲದ ನೀರು ಬೇಕು ಅಂತ ಒಂದು ಉಪಾಯ ಮಾಡಿತು. ನಿರ್ವಾತದ ಪೆಟ್ಟಿಗೆಯೊಳಗೆ ತೀರಾ ತಣ್ಣಗಿನ ಲೋಹದ ತುದಿಗೆ ಶುದ್ಧ ನೀರಿನ ಆವಿ ಬಿಟ್ಟು ಮಂಜುಗಡ್ಡೆ ಕಟ್ಟಿಸಿದರು, ಅದರ ಕೆಳಗೆ ಆಕ್ಸೈಡ್ ತಂದಿಟ್ಟರು, ಮಂಜು ಕರಗಿ ಹನಿ ಅದರ ಮೇಲೆ ಬಿತ್ತು. ಸಾಲು ಕಾಣಲಿಲ್ಲ! ಗಾಳಿ ತಾಗಿದಾಗ ಮಾತ್ರ ಸಾಲು. ಹಾಗಾದರೆ ಸಾಲಿನಲ್ಲಿ ಕೂತವರು ಯಾರು? ಫಾರ್ಮಿಕ್ ಆಮ್ಲ, ಅಸಿಟಿಕ್ ಆಮ್ಲ. ಒಂದು ಇರುವೆಯ ಉರಿ, ಇನ್ನೊಂದು ವಿನಿಗರ್. ಗಾಳಿಯಲ್ಲಿ ಇವು ನೂರು ಕೋಟಿ ಅಣುಗಳಲ್ಲಿ ಒಂದೋ ಎರಡೋ ಇರುತ್ತವೆ, ನೀರಿನ ಅಣುಗಳು ಅವಕ್ಕಿಂತ ಎಷ್ಟೋ ಲಕ್ಷ ಪಟ್ಟು ಜಾಸ್ತಿ. ಆದರೂ ಜಾಗ ಹಿಡಿದದ್ದು ಇವೇ, ಏಕೆಂದರೆ ಒಂದೊಂದು ಅಣುವೂ ಎರಡು ಕಾಲೂರಿ ಎರಡು ಟೈಟಾನಿಯಂ ಹಿಡಿದು ಕೂರುತ್ತದೆ. ನೀರು ಬರುತ್ತದೆ, ಹೋಗುತ್ತದೆ. ಇವು ಏಳುವುದಿಲ್ಲ.

ಅಷ್ಟು ಕಡಿಮೆ ಇದ್ದರೂ ಸಾಕಾಗುತ್ತದಾ ಅಂತ ಅನುಮಾನ ಬಂದರೆ ಒಂದು ಸಣ್ಣ ಲೆಕ್ಕ ಹಾಕಿ. ಒಂದು ಚದರ ಸೆಂಟಿಮೀಟರ್ ಮೇಲ್ಮೈಯಲ್ಲಿ ಕೂರುವ ಜಾಗಗಳು ಸುಮಾರು 1ರ ಮುಂದೆ 15 ಸೊನ್ನೆ ಇಟ್ಟಷ್ಟು. ನೂರು ಕೋಟಿಗೆ ಒಂದರಂತೆ ಆಮ್ಲ ಇರುವ ಗಾಳಿಯಲ್ಲಿ ಅಷ್ಟು ಅಣುಗಳು ಬೇಕಾದರೆ 40 ಲೀಟರ್ ಗಾಳಿ ಸಾಕು. ಎರಡು ಬಕೆಟ್ಟಿನಷ್ಟು. ಮೇಜಿನ ಮೇಲೆ ಒಂದು ರಾತ್ರಿ ಬಿಟ್ಟ ತುಂಡಿನ ಮೇಲಿಂದ ಅದಕ್ಕಿಂತ ಎಷ್ಟು ಜಾಸ್ತಿ ಗಾಳಿ ಹಾದುಹೋಗಿರುತ್ತದೋ ಏನೋ.

ನೀರಿನಲ್ಲಿ ಮುಳುಗಿದ ಆಕ್ಸೈಡಿನಲ್ಲೂ ಜಾಗಕ್ಕೆ ಇದೇ ಜಗಳ. ಅಲ್ಲಿ ಹೈಡ್ರಾಕ್ಸಿಲ್ಲುಗಳು ನೀರಿನ ಹುಳಿ ನೋಡಿ ನಡತೆ ಬದಲಿಸುತ್ತವೆ. ಹುಳಿ ಜಾಸ್ತಿ ಇದ್ದರೆ ಒಂದು ಹೈಡ್ರೋಜನ್ ಸೇರಿಸಿಕೊಂಡು ಪಾಸಿಟಿವ್ ಆಗುತ್ತವೆ, ಕ್ಷಾರ ಜಾಸ್ತಿ ಇದ್ದರೆ ಒಂದು ಬಿಟ್ಟುಕೊಟ್ಟು ನೆಗೆಟಿವ್ ಆಗುತ್ತವೆ. ಎರಡೂ ಸರಿಸಮ ಆಗುವ ಪಿಎಚ್ ಸಿಲಿಕಾಗೆ 2-3, ಟೈಟಾನಿಯಂ ಆಕ್ಸೈಡಿಗೆ ಸುಮಾರು 6, ಅಲ್ಯುಮಿನಾಗೆ (ಅಂದರೆ ಅಲ್ಯುಮಿನಿಯಂ ಆಕ್ಸೈಡಿಗೆ) 8-9, ಮೆಗ್ನೀಸಿಯಾಗೆ 12ರ ಹತ್ತಿರ. ಹಾಗಾಗಿ ಪಿಎಚ್ 7ರ ನೀರಲ್ಲಿ ಗಾಜು ನೆಗೆಟಿವ್, ಅಲ್ಯುಮಿನಾ ಪಾಸಿಟಿವ್. ಕುಡಿಯುವ ನೀರಿನಿಂದ ಆರ್ಸೆನಿಕ್ ತೆಗೆಯಲು ಕಬ್ಬಿಣದ ಆಕ್ಸೈಡ್, ಫ್ಲೋರೈಡ್ ತೆಗೆಯಲು ಅಲ್ಯುಮಿನಾ ಬಳಸುವುದಕ್ಕೆ ಇದೂ ಒಂದು ಕಾರಣ. ನೀರಿನಲ್ಲಿ ಕರಗಿದ ಆರ್ಸೆನೇಟ್ ನೆಗೆಟಿವ್, ಅದನ್ನು ಮೇಲ್ಮೈ ಕರೆಯುತ್ತದೆ, ಹೈಡ್ರಾಕ್ಸಿಲ್ಲನ್ನು ಎಬ್ಬಿಸಿ ಅದು ಆ ಜಾಗದಲ್ಲಿ ಕೂರುತ್ತದೆ. ಆದರೆ ಫಾಸ್ಫೇಟಿನ ಮೈಕಟ್ಟು ಹೆಚ್ಚುಕಡಿಮೆ ಆರ್ಸೆನೇಟಿನ ಹಾಗೇ. ನೀರಿನಲ್ಲಿ ಅದು ಇದ್ದರೆ ಅದೂ ಅದೇ ಕುರ್ಚಿಗೆ ಬರುತ್ತದೆ. ಶುದ್ಧ ನೀರಿಗೆ ಒಂದಿಷ್ಟು ಆರ್ಸೆನಿಕ್ ಬೆರೆಸಿ ಪರೀಕ್ಷೆ ಮಾಡಿ, ಫಿಲ್ಟರ್ ಇಷ್ಟು ಸಾವಿರ ಲೀಟರ್ ತಾಳುತ್ತದೆ ಅಂತ ಬರೆದರೆ ಅದು ಫಾಸ್ಫೇಟ್, ಸಿಲಿಕೇಟ್ ಎಲ್ಲ ಇರುವ ಬಾವಿ ನೀರಿನಲ್ಲಿ ಎಷ್ಟು ದಿನ ಬರುತ್ತದೆ ಎಂಬುದಕ್ಕೆ ಉತ್ತರ ಅಲ್ಲವೇ ಅಲ್ಲ.

ಗಾಜು ಒಡೆಯುವುದರಲ್ಲೂ ನೀರಿನ ಕೈವಾಡ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಬಿರುಕಿನ ತುದಿಯಲ್ಲಿ ಸಿಲಿಕಾನ್ ಮತ್ತು ಆಕ್ಸಿಜನ್ ನಡುವಿನ ಬಂಧ ಎಳೆದು ಬಿಗಿಯಾಗಿರುತ್ತದೆ. ನೀರಿನ ಅಣು ಅಲ್ಲಿಗೆ ನುಸುಳಿ ಆ ಬಂಧವನ್ನು ಕತ್ತರಿಸಿ ಎರಡು ಹೈಡ್ರಾಕ್ಸಿಲ್ ಮಾಡುತ್ತದೆ, ಬಿರುಕು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ತೇವ ಜಾಸ್ತಿ ಇದ್ದರೆ ಬಿರುಕಿನ ವೇಗವೂ ಜಾಸ್ತಿ. ಆಪ್ಟಿಕಲ್ ಫೈಬರನ್ನು ಎಳೆದ ಕೂಡಲೇ ಪ್ಲಾಸ್ಟಿಕ್ ಅಂಗಿ ತೊಡಿಸುವುದು ಮೈಗೆ ಗೀರು ಬೀಳದಿರಲಿ, ನೀರು ತಾಗದಿರಲಿ ಅಂತ.

ಇನ್ನು ಪುಡಿಯಾದ ಸಿಲಿಕಾ. ಇದು ಹಗುರದ ಮಾತಲ್ಲ. ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕಲ್ಲಿನಲ್ಲಿ ಬಹಳಷ್ಟು ಸಲ 90 ಶೇಕಡಾ ಮೀರಿ ಹರಳಿನ ಸಿಲಿಕಾ ಇರುತ್ತದೆ, ಅದನ್ನು ಕತ್ತರಿಸುವವರ ಶ್ವಾಸಕೋಶಕ್ಕೆ ಆ ಧೂಳು ಹೋಗಿ ಸಿಲಿಕೋಸಿಸ್ ಬರುತ್ತದೆ. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧಿಸಿತು. ಒಂದು ಸಿಲಿಕಾ ಪುಡಿ ಜೀವಕೋಶವನ್ನು ಹರಿದುಹಾಕುತ್ತದೆ, ಇನ್ನೊಂದು ಅಷ್ಟಾಗಿ ಮಾಡುವುದಿಲ್ಲ, ಯಾಕೆ ಎಂಬ ಹಳೇ ಪ್ರಶ್ನೆಗೆ 2020ರಲ್ಲಿ ಒಂದು ಒಳ್ಳೆ ಉತ್ತರ ಬಂತು. ಎಷ್ಟು ಹೈಡ್ರಾಕ್ಸಿಲ್ ಇದೆ ಅನ್ನುವುದಲ್ಲ, ಎಷ್ಟು ದೂರದಲ್ಲಿ ಇವೆ ಅನ್ನುವುದು ಮುಖ್ಯ. ಪರಸ್ಪರ ಕೈ ಹಿಡಿಯಲಾರದಷ್ಟು ದೂರ, ಅಂದರೆ 0.4ರಿಂದ 0.6 ನ್ಯಾನೋಮೀಟರ್ ಅಂತರದಲ್ಲಿ ನಿಂತ ಒಂಟಿ ಹೈಡ್ರಾಕ್ಸಿಲ್ಲುಗಳು ಜೀವಕೋಶದ ಪೊರೆಯನ್ನು ಹಿಡಿಯುತ್ತವೆ. ಕಲ್ಲು ಮುರಿದಾಗ ಅಂಥವು ಹುಟ್ಟುತ್ತವೆ. ನೀರಿನ ಒಂದು ಅಣು ಎಲ್ಲಿ, ಹೇಗೆ ಒಡೆದು ಕೂತಿತು ಅನ್ನುವ ವಿಷಯ ಒಬ್ಬ ಕಾರ್ಮಿಕನ ಉಸಿರಿನವರೆಗೂ ಹೋಗುತ್ತದೆ.

ಬ್ಯಾಟರಿ ಕಾರ್ಖಾನೆಯವರಂತೂ ನೀರಿನ ಹೆಸರು ಕೇಳಿದರೆ ಬೆಚ್ಚುತ್ತಾರೆ. ನಿಕ್ಕಲ್ ಜಾಸ್ತಿ ಇರುವ ಲಿಥಿಯಂ ಆಕ್ಸೈಡ್ ಪುಡಿಗೆ ಗಾಳಿಯ ತೇವ ತಾಗಿದರೆ ಒಳಗಿನ ಲಿಥಿಯಂ ಮೇಲೆ ಬಂದು ಹೈಡ್ರಾಕ್ಸೈಡ್ ಆಗುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕಾರ್ಬೊನೇಟ್ ಆಗುತ್ತದೆ. ಆಮೇಲೆ ಅದನ್ನು ಬಳಿಯಲು ಕಲಸಿದ ಹಿಟ್ಟು ಗಟ್ಟಿಯಾಗಿ ಲೋಳೆಯಂತಾಗುತ್ತದೆ, ಬಳಿಯಲು ಬರುವುದಿಲ್ಲ. ಅದಕ್ಕೇ ಆ ಕೋಣೆಗಳ ಗಾಳಿಯನ್ನು ಮೈನಸ್ 40 ಡಿಗ್ರಿಗೆ ಇಳಿದರೆ ಮಾತ್ರ ಮಂಜು ಕಟ್ಟುವಷ್ಟು ಒಣಗಿಸಿ ಇಡುತ್ತಾರೆ. ಕರೆಂಟು ತಿನ್ನುವ ಕೆಲಸ ಅದು.

ಕೊನೆಯದಾಗಿ ಈಗ ಎಲ್ಲರ ಬಾಯಲ್ಲಿರುವ ಹಸಿರು ಹೈಡ್ರೋಜನ್. ನೀರನ್ನು ಕರೆಂಟಿನಿಂದ ಒಡೆಯುವಾಗ ಕಷ್ಟ ಇರುವುದು ಆಕ್ಸಿಜನ್ ಹೊರಡುವ ಕಡೆ, ಅಲ್ಲಿ ಕೆಲಸ ಮಾಡುವುದು ಆಕ್ಸೈಡಿನ ಮೇಲ್ಮೈ. ಆಮ್ಲದಲ್ಲಿ ಓಡುವ ಯಂತ್ರಕ್ಕೆ ಇರಿಡಿಯಂ ಆಕ್ಸೈಡ್ ಬೇಕು, ಜಗತ್ತಿನಲ್ಲಿ ಹೊಸದಾಗಿ ಸಿಗುವ ಇರಿಡಿಯಂ ವರ್ಷಕ್ಕೆ ಹತ್ತು ಟನ್ನಿಗೂ ಕಡಿಮೆ. ಕ್ಷಾರದಲ್ಲಿ ಓಡುವ ಯಂತ್ರಕ್ಕೆ ಅಗ್ಗದ ನಿಕ್ಕಲ್ ಸಾಕು. ಈ ನಿಕ್ಕಲ್ ಆಕ್ಸೈಡ್ ಒಳ್ಳೆ ಕೆಲಸಗಾರ ಅಂತ ಬಹಳ ಕಾಲ ಹೆಸರು ಮಾಡಿತ್ತು. 1987ರಲ್ಲೇ ಕಾರಿಗನ್ ಎಂಬುವರು ಅನುಮಾನ ಎತ್ತಿದ್ದರು, 2014ರಲ್ಲಿ ಒರೆಗಾನಿನ ಬೋಟ್ಚರ್ ತಂಡ ಗಟ್ಟಿಯಾಗಿ ತೋರಿಸಿತು: ಕೆಲಸ ಮಾಡುತ್ತಿದ್ದುದು ನಿಕ್ಕಲ್ ಒಂದೇ ಅಲ್ಲ, ಅಂಗಡಿಯಿಂದ ತಂದ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕಲಬೆರಕೆಯಾಗಿ ಇದ್ದ ಚೂರು ಕಬ್ಬಿಣ. ಆ ಕಬ್ಬಿಣ ತೆಗೆದರೆ ನಿಕ್ಕಲ್ ತೀರಾ ಸೋಮಾರಿ. ತಮಾಷೆ ಅಂದರೆ ದ್ರಾವಣದಿಂದ ಆ ಕಬ್ಬಿಣ ತೆಗೆಯಲು ಅವರು ಬಳಸಿದ್ದು ನಿಕ್ಕಲ್ ಹೈಡ್ರಾಕ್ಸೈಡನ್ನೇ, ಅದು ಅಷ್ಟು ಆಸೆಯಿಂದ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ.

ಸೀರಿಯಂ ಆಕ್ಸೈಡಿನಲ್ಲಿ ಕೊಳೆ ನಮ್ಮ ಕಣ್ಣಿಗೆ ಮಣ್ಣೆರಚಿತು, ಇಲ್ಲಿ ಅದೇ ಕೊಳೆ ದುಡಿಯುತ್ತಿದೆ. ಈಗ ಕಬ್ಬಿಣವನ್ನು ಬೇಕಂತಲೇ ಹಾಕುತ್ತಾರೆ. ಆದರೂ ಅದು ಹಾಕಿದಲ್ಲೇ ನಿಲ್ಲುವುದಿಲ್ಲ. ಯಂತ್ರ ಓಡುತ್ತಿರುವಾಗ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗುತ್ತದೆ, ಮತ್ತೆ ಬಂದು ಕೂರುತ್ತದೆ, ಮತ್ತೆ ಹೋಗುತ್ತದೆ. ಬಂದಷ್ಟೇ ಹೋದರೆ ಯಂತ್ರ ಸರಿಯಾಗಿ ಓಡುತ್ತದೆ. ಹೋಗುವುದು ಜಾಸ್ತಿಯಾದರೆ ನಿಧಾನಕ್ಕೆ ಸುಸ್ತಾಗುತ್ತದೆ. ಹಾಗಾಗಿ ಹೊಸ ಎಲೆಕ್ಟ್ರೋಡ್ ಸಾವಿರ ಗಂಟೆ ಓಡಿತು ಅಂತ ಯಾರಾದರೂ ಬರೆದರೆ ನಾನು ಗಂಟೆಗಿಂತ ಮೊದಲು ಹುಡುಕುವುದು ಆ ದ್ರಾವಣದಲ್ಲಿ ಎಷ್ಟು ಕಬ್ಬಿಣ ಇತ್ತು, ನಡುವೆ ದ್ರಾವಣ ಬದಲಿಸಿದರಾ ಎಂಬುದನ್ನು.